ತುದಿ ಕೂಡದ ಬೇಲಿ

ಜಿಂಕೆ ಹಣ್ಣು ತಿಂದರೆ ಗೀದಾಳಿಗೆ ಬೇಸರವಿರಲಿಲ್ಲ. ಹಣ್ಣು ಇರುವುದೇ ತಿನ್ನುವುದಕ್ಕೆ. ಮನುಷ್ಯ ತಿಂದರೇನು, ಹಕ್ಕಿ ತಿಂದರೇನು, ನಾಲ್ಕು ಕಾಲಿನ ನೆಂಟರು ತಿಂದರೇನು. ಆದರೆ ಶೆಲ್ವಿಕ್ ಊರಿನ ಬೆಟ್ಟದ ಕೆಂಜಿಂಕೆಗಳಿಗೆ ಹಣ್ಣಾಗುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಮೇಲೆ ಮೊದಲ ಹಿಮ ಬಿದ್ದು ಹುಲ್ಲು ಮುಚ್ಚಿಹೋದದ್ದೇ ತಡ, ಮದುವೆಗೆ ಹೊರಟವರ ಹಾಗೆ ಸಾಲುಗಟ್ಟಿ ಇಳಿದು ಬಂದು, ಎಳೆ ಸೇಬಿನ ಗಿಡಗಳ ತುದಿಮೊಗ್ಗನ್ನು ಕೊತ್ತಂಬರಿ ಸೊಪ್ಪು ಚಿವುಟಿದ ಹಾಗೆ ಚಿವುಟಿ ತಿನ್ನುತ್ತಿದ್ದವು. ಹಸಿವು ಹೆಚ್ಚಾದರೆ ತೊಗಟೆಯನ್ನೂ ಸುಲಿಯುತ್ತಿದ್ದವು. ತುದಿ ಹೋದ ಗಿಡ ಕುಳ್ಳಾಗಿ ಉಳಿಯುತ್ತದೆ. ತೊಗಟೆ ಹೋದ ಗಿಡ ಉಳಿಯುವುದೇ ಇಲ್ಲ.

ಎರಡು ಚಳಿಗಾಲ ಹೀಗೇ ಹೋಗಿತ್ತು. ಮೊದಲನೆಯ ಸಲ ಗೀದಾ ಅತ್ತಳು. ಎರಡನೆಯ ಸಲ ಅಳಲಿಲ್ಲ, ಅಡುಗೆಮನೆಯ ಮೇಜಿನ ಮುಂದೆ ಕೂತು, "ಅಜ್ಜಿ, ಇನ್ನೊಂದೇ ಒಂದು ಸಲ ನೆಡ್ತೀನಿ. ಅದೂ ಹೋಯ್ತು ಅಂದ್ರೆ ತೋಟಾನ ಕೆಳಮನೆ ಐಲಿಫ್ ಅವರ ಕುರಿಗಳಿಗೆ ಬಿಟ್ಟುಕೊಟ್ಟು, ಬರ್ಗೆನ್‌ಗೆ ಹೋಗಿ ಮತ್ತೆ ಆ ಹಲ್ಲಿನ ಡಾಕ್ಟರ ಹತ್ರ ಫೋನ್ ಎತ್ತೋ ಕೆಲಸಕ್ಕೆ ಸೇರ್ಕೊಳ್ತೀನಿ," ಅಂದಳು.

ರಾಗ್ನಾ ಅಜ್ಜಿಗೆ ಎಂಬತ್ತಾರು. ಮೂರು ವರ್ಷದ ಹಿಂದೆ ತೋಟವನ್ನು ಮೊಮ್ಮಗಳ ಕೈಗೆ ಒಪ್ಪಿಸಿ, ಬಾಯನ್ನು ಮಾತ್ರ ತನ್ನ ಹತ್ತಿರ ಇಟ್ಟುಕೊಂಡವಳು. ಅವಳು ಹೆಣಿಗೆಯಿಂದ ತಲೆ ಎತ್ತದೆ, "ಕುರಿಗಳೂ ಒಳ್ಳೇವೇ ಕಣೆ, ಪಾಪ," ಅಂದಳು. ಅಜ್ಜಿ ಇಷ್ಟು ಮೆತ್ತಗೆ ಮಾತಾಡಿದರೆ ಒಳಗೆ ಏನೋ ಮುರಿದಿದೆ ಎಂದೇ ಅರ್ಥ.

ಯಾಕೆಂದರೆ ಈ ಸಲದ ನಾನೂರು ಗಿಡ ಕೊಂಡು ತಂದವಲ್ಲ. ಮನೆಯ ಹಿಂದಿದ್ದ ಮುದಿ ಮರದಿಂದ ಕಡ್ಡಿ ಕತ್ತರಿಸಿ, ಚಳಿಗೆ ಸೆಟೆದ ಬೆರಳಿನಿಂದ ಗೀದಾ ತಾನೇ ಕಸಿ ಕಟ್ಟಿದವು. ಕಟ್ಟಿ ಮುಗಿಸಿದ ತಿಂಗಳಿಗೇ ಆ ಮುದಿ ಮರ ಬಿರುಗಾಳಿಗೆ ಬುಡಸಮೇತ ಮಲಗಿತು. ಹೊರಗೆ ಕೆಂಪು ಗೆರೆ, ಒಳಗೆ ಹುಳಿಯ ಹಿಂದೆ ಬಚ್ಚಿಟ್ಟುಕೊಂಡ ಸಿಹಿ — ಅಂಥ ಸೇಬು ಬೆಟ್ಟಗಳ ನಡುವೆ ಒಳನುಗ್ಗಿದ ಆ ಕಡಲ ತೋಳಿನ ದಡದಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಈಗ ಅದು ಲೋಕದಲ್ಲಿ ಉಳಿದದ್ದು ಸೊಂಟದೆತ್ತರದ ನಾನೂರು ಕಡ್ಡಿಗಳಲ್ಲಿ ಮಾತ್ರ.

ಹಿಂದಿನ ಎರಡು ವರ್ಷ ಮಾಡದ ಉಪಾಯವಿರಲಿಲ್ಲ. ಗಿಡಕ್ಕೊಂದು ವಾಸನೆಯ ಸೋಪು ಕಟ್ಟಿದ್ದಾಯಿತು. ತೋಟ ಹಬ್ಬದ ದಿನದ ಬಚ್ಚಲಿನಂತೆ ಘಮಘಮಿಸಿತು, ಜಿಂಕೆಗಳು ಸೋಪು ಬಿಟ್ಟು ಗಿಡ ತಿಂದವು. ತುದಿಗಳಿಗೆ ಕುರಿಯ ಹಸಿ ಉಣ್ಣೆ ಸುತ್ತಿದ್ದಾಯಿತು. ಉಣ್ಣೆ ಬಿಚ್ಚಿಟ್ಟು ತಿಂದವು. ಕೊನೆಗೆ ಸಾಲಿನ ನಡುವೆ ರೇಡಿಯೋ ಇಟ್ಟು ಸಂಸತ್ತಿನ ಚರ್ಚೆ ಹಾಕಿದಳು. ಬೆಳಿಗ್ಗೆ ಹೋಗಿ ನೋಡಿದರೆ ರೇಡಿಯೋದ ಸುತ್ತ ಹುಲ್ಲು ಒತ್ತಿಹೋಗಿತ್ತು. ಮಾತು ಕೇಳುತ್ತ ಅಲ್ಲೇ ಮಲಗಿದ್ದವು.

"ಅವು ಬೆಟ್ಟದೊಳಗಿನವರ ದನ ಕಣೆ," ಎನ್ನುತ್ತಿದ್ದಳು ಅಜ್ಜಿ. ಗೀದಾ ತೊಡೆಯ ಮೇಲೆ ಕೂರುವಷ್ಟು ಚಿಕ್ಕವಳಿದ್ದಾಗಿನಿಂದ ಕೇಳಿದ ಕತೆ ಅದು. ಬೆಟ್ಟದ ಹೊಟ್ಟೆಯೊಳಗೆ ಒಂದು ಊರಿದೆ. ಅಲ್ಲಿನ ಹೆಂಗಸರು ಬೆಳಿಗ್ಗೆ ಕಲ್ಲಿನ ಬಾಗಿಲು ತೆರೆದು ಜಿಂಕೆಗಳನ್ನು ಮೇಯಲು ಬಿಡುತ್ತಾರೆ, ಸಂಜೆ ಎಣಿಸಿ ಒಳಗೆ ಕೂಡುತ್ತಾರೆ. "ಅವರ ಜೊತೆ ಜಗಳ ಆಡಬಾರದು. ಗಟ್ಟಿ ಬೇಲಿ ಹಾಕಿದ್ರೆ ಅವರೇನೂ ಬೇಜಾರು ಮಾಡ್ಕೊಳಲ್ಲ. ಅವರೂ ಮನೆಮಠ ಇರೋರೇ ತಾನೆ."

ಗೀದಾ ಈಗ ಮೂವತ್ತೊಂದರವಳು. ಆದರೂ ಬೆಟ್ಟದ ಕಡೆ ನೋಡಿದಾಗಲೆಲ್ಲ ಕಲ್ಲಿನ ಬಾಗಿಲು ಎಲ್ಲಿರಬಹುದು ಎಂದು ಕಣ್ಣು ತಾನಾಗಿ ಹುಡುಕುತ್ತಿತ್ತು.

ಬೇಲಿಯೇ ಸರಿ ಎಂದು ತೀರ್ಮಾನವಾಯಿತು. ಆಳೆತ್ತರಕ್ಕಿಂತ ಒಂದು ಮೊಳ ಎತ್ತರದ ತಂತಿಬಲೆ, ನೂರಾರು ಕಂಬ, ಮೂಟೆ ಮೊಳೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಅಂಥ ಕೆಲಸಕ್ಕೆ ಆ ಊರಿನಲ್ಲಿ ದುಗ್ನಾಡ್ ಕರೆಯುತ್ತಾರೆ. ಮುಯ್ಯಾಳಿನಂಥದೇ, ಆದರೆ ಮುಯ್ಯಿ ಲೆಕ್ಕ ಇಡುವಂತಿಲ್ಲ. ಕರೆದರೆ ಊರಿಗೆ ಊರೇ ಬರುತ್ತದೆ, ಬಾರದವನ ಮುಖವನ್ನು ಒಂದು ವರ್ಷ ಯಾರೂ ನೇರವಾಗಿ ನೋಡುವುದಿಲ್ಲ. ದುಗ್ನಾಡಿಗೆ ಬಂದವರಿಗೆ ಕೂಲಿ ಇಲ್ಲ. ಕೂಲಿ ಇಲ್ಲವಾದ್ದರಿಂದ ಒಡೆಯರೂ ಇಲ್ಲ. ಕರೆದವಳು ಕಾಫಿ ಕೊಡಬಹುದು, ಹೊಟ್ಟೆ ತುಂಬಿಸಬಹುದು, 'ಆಹಾ' ಅನ್ನಬಹುದು. 'ಹೀಗಲ್ಲ, ಹಾಗೆ' ಎಂದು ಮಾತ್ರ ಅನ್ನುವ ಹಾಗಿಲ್ಲ. ಪುಕ್ಕಟೆ ಬಂದವರಿಗೆ ಅಪ್ಪಣೆ ಕೊಡುವವಳನ್ನು ಶೆಲ್ವಿಕ್ ಹುಟ್ಟಿದಾಗಿನಿಂದ ಯಾರೂ ಕಂಡಿರಲಿಲ್ಲ.

ಅಕ್ಟೋಬರ್ ನಡುವಿನ ಶನಿವಾರ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಆದರೆ ರಾತ್ರಿಯಿಂದ ಬೆಟ್ಟದ ಮೇಲೆ ಹಿಮ ಎಂದು ಹವಾಮಾನದವರು ಹೇಳಿದ್ದರು. ಭಾನುವಾರ ಆ ಊರಲ್ಲಿ ಸುತ್ತಿಗೆಯ ಸದ್ದು ಕೇಳಿಸಬಾರದು. ಸೋಮವಾರದಿಂದ ಎಲ್ಲರಿಗೂ ಅವರವರ ತೋಟದ ಕೊಯ್ಲು. ಅಂದರೆ ಬೇಲಿ ಮುಚ್ಚಬೇಕಾದದ್ದು ಇವತ್ತೇ, ಬೆಳಕಿರುವಾಗಲೇ.

ಎಂಟು ಗಂಟೆಗೆಲ್ಲ ಇಪ್ಪತ್ತು ಜನ ಅಂಗಳದಲ್ಲಿದ್ದರು. ಹಾರೆ, ಕೊಡತಿ, ಸುತ್ತಿಗೆ, ಒಬ್ಬೊಬ್ಬರ ಹೆಗಲಿಗೂ ಒಂದೊಂದು. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಆದರೂ ಜನ ತಾವಾಗಿಯೇ ಎರಡು ಪಾಲಾದರು. ಕೆಳಗಿನ ರಸ್ತೆಯ ಗೇಟಿನಿಂದ ಎಡಕ್ಕೆ ಹೊರಟವರು ಶೂರ್ ಜೊತೆ, ಬಲಕ್ಕೆ ಹೊರಟವರು ಐಲಿಫ್ ಜೊತೆ. ತೋಟವನ್ನು ಸುತ್ತುಹಾಕಿ, ಮೇಲೆ ಹಳೆಯ ಕಲ್ಲುಗೋಡೆಯ ಹತ್ತಿರ ಎರಡೂ ತುದಿ ಕೂಡಬೇಕು.

ಶೂರ್ ಮೇಲುಮನೆಯವನು, ಎಪ್ಪತ್ತು ದಾಟಿದ ಬೇಟೆಗಾರ, ಕಡ್ಡಿಯಂಥ ಆಳು. ಐಲಿಫ್ ಕೆಳಮನೆಯವನು, ನಲವತ್ತು ವರ್ಷ ಕಡಲ ತೋಳಿನ ಮೇಲೆ ದೋಣಿ ನಡೆಸಿ ನಿವೃತ್ತನಾದವನು, ಪೀಪಾಯಿಯಂಥ ಆಳು. ಶೂರ್‌ನ ತಂಗಿ ತೋರುನ್‌ಳನ್ನು ಐಲಿಫ್ ಮದುವೆಯಾಗಿದ್ದ. ಆ ಮದುವೆಯ ದಿನದಿಂದ ಭಾವ ಭಾವಮೈದುನರು ಯಾವ ವಿಷಯದಲ್ಲೂ ಒಂದು ಮಾತಿಗೆ ಬಂದವರಲ್ಲ.

"ಭಾವ," ಎಂದು ಶೂರ್ ತೋಟದ ಆ ಕಡೆಯಿಂದ ಕೂಗಿದ, "ನಿನ್ನ ಕಂಬ ನಿಂತಿದೆಯೋ, ಮಲಗೋಕೆ ಜಾಗ ನೋಡ್ತಿದೆಯೋ?"

"ನೇರ ಅಂದ್ರೆ ಏನು ಅಂತ ದೋಣಿ ನಡೆಸಿದವನಿಗೆ ಗೊತ್ತಪ್ಪ," ಎಂದ ಐಲಿಫ್. "ವರ್ಷವೆಲ್ಲ ಒಂದು ಕಣ್ಣು ಮುಚ್ಕೊಂಡು ಬಂದೂಕಿನಲ್ಲಿ ನೋಡೋನಿಗೆ ಲೋಕವೇ ಸೊಟ್ಟ."

"ಎರಡು ಕಣ್ಣು ಬಿಟ್ಕೊಂಡೇ ದೋಣೀನ ದಡದ ಮೇಲೆ ಹತ್ತಿಸಿದ್ಯಲ್ಲ!"

"ಒಂದೇ ಸಲ! ಅದೂ ಮಂಜಿತ್ತು!"

"ಇಬ್ಬರೂ ಬಾಯಿಗೆ ಮೊಳೆ ಕಚ್ಕೊಳ್ಳಿ," ಎಂದಳು ತೋರುನ್. "ಆಗಲಾದರೂ ಸ್ವಲ್ಪ ಹೊತ್ತು ಕಿವಿಗೆ ಬಿಡುವು."

ಕೆಲಸ ನೀರಿನಂತೆ ಹರಿಯಿತು. ಕೊಡತಿಯ ಪೆಟ್ಟು ಎದುರು ದಡದ ಬಂಡೆಗೆ ಬಡಿದು ಮರಳಿ ಬರುತ್ತಿತ್ತು. ಬೆಟ್ಟದೊಳಗಿನವರೂ ಬೇಲಿ ಹಾಕುತ್ತಿದ್ದಾರೇನೋ ಎಂದು ಗೀದಾಳಿಗೆ ಅನ್ನಿಸಿತು. ಅವಳು ಓಡಾಡಿ ಓಡಾಡಿ ಕಾಫಿ ಕೊಟ್ಟಳು, ವಾಫಲ್ ಸುಟ್ಟು ಕಂದು ಚೀಸಿನ ಹಾಳೆ ಇಟ್ಟು ಕೊಟ್ಟಳು, ಎಲ್ಲರಿಗೂ "ಆಹಾ" ಅಂದಳು. ಒಲೆಯ ಮೇಲೆ ಕುರಿಮಾಂಸ, ಎಲೆಕೋಸಿನ ಸಾರು ಕುದಿಯುತ್ತಿತ್ತು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲಿಗೆ ಕಂಬಳಿ ಹೊದ್ದು ಕೂತ ರಾಗ್ನಾ ಅಜ್ಜಿ ಎಲ್ಲರ ಕೆಲಸಕ್ಕೂ ಒಂದೊಂದು ಕೊಂಕು ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಎಂಬತ್ತಾರಾದವರಿಗೆ ದುಗ್ನಾಡಿನ ನಿಯಮವಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಎರಡೂ ಗುಂಪು ಮೇಲಿನ ಕಲ್ಲುಗೋಡೆಯ ಹತ್ತಿರ ಬಂದವು. ಮೊಣಕಾಲೆತ್ತರದ, ಪಾಚಿ ಕಟ್ಟಿದ ಗೋಡೆ. ಅದರ ಪಕ್ಕದಲ್ಲೇ ಗೀದಾಳ ಅಂಗಳದಿಂದ ಬೆಟ್ಟಕ್ಕೆ ಹೋಗುವ ಕಾಲುದಾರಿ. ಗೀದಾ ಕಾಫಿಯ ಹೂಜಿ ಹಿಡಿದು ಹತ್ತಿ ಬಂದವಳು ಅಲ್ಲೇ ನಿಂತಳು.

ಶೂರ್‌ನ ಬೇಲಿ ಗೋಡೆಯ ಮೇಲ್ಬದಿಯಲ್ಲಿ ಬರುತ್ತಿತ್ತು. ಐಲಿಫ್‌ನದು ಗೋಡೆಯ ಕೆಳಬದಿಯಲ್ಲಿ. ನಡುವೆ ಮೂರು ಹೆಜ್ಜೆ ಅಂತರ.

ಆಗ ಒಬ್ಬರು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆದರೆ ಇದು ದುಗ್ನಾಡ್. ಇಪ್ಪತ್ತು ಜನವೂ ನೋಡಿದರು, ಇಪ್ಪತ್ತು ಜನವೂ ಗಂಟಲು ಸರಿಮಾಡಿಕೊಂಡರು, ಒಬ್ಬ ಹವೆ ಚೆನ್ನಾಗಿದೆ ಎಂದ. ಗೀದಾ ಬಾಯಿ ತೆರೆದು, "ಕಾಫಿ ಬೇಕಾ?" ಎಂದಳು. ಶೂರ್ ತನ್ನ ಮುಂದಿನ ಕಂಬ ಹೂಳಿದ. ಐಲಿಫ್ ತನ್ನದನ್ನು ಹೂಳಿದ. ಇಬ್ಬರೂ ಎದುರುಬದುರಾದರು, ತಲೆ ಬಾಗಿಸಿ ಮರ್ಯಾದೆಯಿಂದ ನಮಸ್ಕಾರ ಹೇಳಿದರು, ಎದುರಾದ ಎರಡು ದೋಣಿಗಳ ಹಾಗೆ ಒಬ್ಬರನ್ನೊಬ್ಬರು ದಾಟಿ ಮುಂದಕ್ಕೆ ಹೋದರು! ಎರಡು ಬೇಲಿಗಳೂ ಒಂದರ ಪಕ್ಕ ಒಂದು, ಗೋಡೆಯ ಆಚೆಗೊಂದು ಈಚೆಗೊಂದು, ಮೂವತ್ತು ಹೆಜ್ಜೆ ಸಾಗಿದವು. ಬಲೆ ಮುಗಿದಾಗ ಇಬ್ಬರೂ ನಿಂತು ಬೆವರು ಒರೆಸಿಕೊಂಡರು. ನಡುವೆ ಉದ್ದನೆಯ ಓಣಿ, ಒಂದು ತುದಿ ತೋಟದೊಳಕ್ಕೆ ತೆರೆದದ್ದು, ಇನ್ನೊಂದು ಬೆಟ್ಟಕ್ಕೆ.

"ಮುಗೀತು," ಎಂದ ಶೂರ್.

"ಮುಗೀತು," ಎಂದ ಐಲಿಫ್.

"ಏನು ಮುಗೀತು?" ತೋರುನ್ ಸೊಂಟದ ಮೇಲೆ ಕೈ ಇಟ್ಟಳು. "ಜಿಂಕೆಗೆ ರಾಜಬೀದಿ ಕಟ್ಟಿದ್ದೀರಲ್ಲ! ದೀಪ ಒಂದು ಕಡಿಮೆ!"

ಆಗ ಹೊರಬಿತ್ತು ಇಬ್ಬರ ಹೊಟ್ಟೆಯಲ್ಲಿದ್ದದ್ದು.

"ಗೋಡೆ ಒಳಗಡೇನೇ ಇರ್ಬೇಕು," ಎಂದ ಶೂರ್. "ಹೊರಗೆ ಬಿಟ್ರೆ ಜಿಂಕೆ ಗೋಡೆ ಮೇಲೆ ಕಾಲಿಟ್ಟು ಒಂದೇ ನೆಗೆತಕ್ಕೆ ಒಳಗೆ. ನಾನು ಐವತ್ತು ವರ್ಷ ಅವುಗಳ ಕಾಲು ನೋಡಿದೀನಿ."

"ಕಾಲುದಾರಿ ಹೊರಗಡೇನೇ ಇರ್ಬೇಕು," ಎಂದ ಐಲಿಫ್. "ಬೆಟ್ಟಕ್ಕೆ ಹೋಗೋ ದಾರೀಗೆ ಬೇಲಿ ಹಾಕೋಕೆ ನಮಗೆ ಯಾರು ಹಕ್ಕು ಕೊಟ್ಟಿದ್ದು? ಜನ ಹಾರಿ ಹೋಗ್ಬೇಕಾ? ನನ್ನ ಈ ಹೊಟ್ಟೆ ಹೊತ್ಕೊಂಡು ನಾನು ಹಾರ್ತೀನಾ?"

"ಇಬ್ಬರು ಹೇಳೋದೂ ನಿಜ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಇಬ್ಬರೂ ಒಟ್ಟಿಗೆ ತಿರುಗಿ ಅವನನ್ನು ದುರುಗುಟ್ಟಿ ನೋಡಿದರು.

"ಕಿತ್ತು ಈಚೆ ಹಾಕು."

"ನೀನು ಕಿತ್ತು ಆಚೆ ಹಾಕು."

"ನಾನು ಹೂತ ಕಂಬ ಕೀಳೋದು ನನ್ನ ಹೆಣ ಎತ್ತಿದ ಮೇಲೆ."

"ಹಾಗಾದ್ರೆ ಇವತ್ತು ಎರಡು ಕೆಲಸ," ಎಂದಳು ತೋರುನ್.

ಗೀದಾ ಆಕಾಶ ನೋಡಿದಳು. ಬೆಳಕು ಎದುರು ಬೆಟ್ಟದ ಭುಜದವರೆಗೆ ಇಳಿದಿತ್ತು. ಇನ್ನು ಹೆಚ್ಚೆಂದರೆ ಎರಡು ತಾಸು. ಬೆಟ್ಟದ ತಲೆಯ ಮೇಲೆ ಬೂದು ಮೋಡ ಟೋಪಿಯಂತೆ ಕೂತಿತ್ತು. ಯಾರ ಕಡೆ ತಿರುಗಿ ಏನು ಹೇಳಿದರೂ ಒಬ್ಬ ಮುದುಕನ ಮುಖ ಸಣ್ಣದಾಗುತ್ತದೆ, ಅದೂ ಅವಳ ತೋಟಕ್ಕಾಗಿ ಇಡೀ ದಿನ ಬೆವರು ಸುರಿಸಿದವನ ಮುಖ. ಅವಳು ಹೂಜಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಳು.

ಅಷ್ಟರಲ್ಲಿ ಅಂಗಳದಿಂದ ಅಜ್ಜಿಯ ಗಂಟಲು ಕೇಳಿಸಿತು. "ಗೀದಾ! ಒಳಗಿರೋ ಆ ಮೂರು ಜನಕ್ಕೂ ಸಾರು ಕೊಡ್ಬೇಕೇನೆ?"

ಎಲ್ಲರೂ ತಿರುಗಿದರು. ತೋಟದ ನಡುವೆ, ತೊರೆಯ ಪಕ್ಕದ ಪೊದೆಯೊಳಗಿಂದ, ಒಂದು ಹೆಣ್ಣು ಜಿಂಕೆ ಎದ್ದು ನಿಂತಿತ್ತು. ಅದರ ಪಕ್ಕ ಈ ವರ್ಷದ ಮರಿ. ಹಿಂದೆ ಹೋದ ವರ್ಷದ್ದು, ಉದ್ದ ಕಾಲಿನ ಹದಿಹರೆಯ. ಬೆಳಗಿನಿಂದ ಇಷ್ಟೆಲ್ಲ ಗದ್ದಲದ ನಡುವೆ ಮೂರೂ ಅಲ್ಲೇ ಮಲಗಿ, ತಮ್ಮ ಸುತ್ತ ಬೇಲಿ ಬೆಳೆಯುವುದನ್ನು ನೋಡುತ್ತಿದ್ದವು.

"ತೋಟ ಸುತ್ತಿ ನೋಡ್ಲಿಲ್ವಾ ನೀವು?" ಶೂರ್ ಕೇಳಿದ.

"ನೀವು ನೋಡ್ತೀರಿ ಅಂದ್ಕೊಂಡಿದ್ವಿ," ಎಂದ ಐಲಿಫ್.

"ಒಳ್ಳೆ ಬೇಲಿ ಹಾಕಿದ್ರಿ ಕಣ್ರೋ," ಎಂದಳು ಅಜ್ಜಿ ಸಂತೋಷದಿಂದ. "ಹೊರಗಿನವು ಒಳಗೆ ಬರಲ್ಲ, ಒಳಗಿನವು ಹೊರಗೆ ಹೋಗಲ್ಲ. ಚಳಿಗಾಲಕ್ಕೆ ನಾನೂರು ಗಿಡದ ಊಟ, ಗಾಳಿಗೆ ಮರೆ. ನನಗೂ ಹೀಗೊಂದು ಮನೆ ಕಟ್ಟಿಕೊಡಿ."

ಶೂರ್‌ನ ಕೈ ತಾನಾಗಿಯೇ ಹೆಗಲ ಕಡೆ ಹೋಯಿತು. "ಬಂದೂಕು ಮನೇಲಿದೆ. ಐದು ನಿಮಿಷ—"

"ಪೆಟ್ಟಿಗೆ ಒಳಗೆ ಹಾಕಿಟ್ಟ ಪ್ರಾಣೀಗೆ ಗುಂಡು ಹೊಡೀತಾನಂತೆ!" ತೋರುನ್ ಅಣ್ಣನ ತೋಳು ಹಿಡಿದಳು. "ಆಮೇಲೆ ಯಾವ ಮುಖ ಹೊತ್ಕೊಂಡು ಬೇಟೆ ಕತೆ ಹೇಳ್ತೀಯೋ? ಅಂಗಡೀಲಿ ಮಾಂಸ ತಗೊಂಡ ಹಾಗೆ!"

ಶೂರ್ ಕೆಂಪಗಾಗಿ ಕೈ ಇಳಿಸಿದ.

ದುಗ್ನಾಡಿಗೆ ಬಂದ ಜನ ಸುಮ್ಮನೆ ನಿಲ್ಲಲಾರರು. ಅದು ಅವರ ರಕ್ತದಲ್ಲಿಲ್ಲ. ಯಾರೂ ಹೇಳದೆಯೇ ಇಪ್ಪತ್ತೂ ಜನ ಸಾಲಾಗಿ ಕೈ ಚಾಚಿ, ಹೋ ಹೋ ಎನ್ನುತ್ತ, ಸುತ್ತಿಗೆಯಿಂದ ಹಾರೆ ಬಡಿಯುತ್ತ ಮುಂದೆ ನಡೆದರು. ಯಾರೋ ಅಡುಗೆಮನೆಗೆ ಓಡಿ ಪಾತ್ರೆಯ ಮುಚ್ಚಳ ತಂದರು. ಜಿಂಕೆಗಳು ಒಂದು ಕ್ಷಣ ನೋಡಿದವು, ಮರುಕ್ಷಣ ಗಾಳಿಯಾದವು. ರಸ್ತೆಯ ಗೇಟಿನ ಕಡೆ ಅಟ್ಟಿದರೆ ಅವು ಜನರ ನಡುವಿನಿಂದಲೇ ನುಗ್ಗಿ ಹಿಂದಕ್ಕೆ ಬಂದವು. ತಾಯಿ ಜಿಂಕೆ ಹೊಸ ಬಲೆಗೆ ಎದೆಯೊಡ್ಡಿ ನೆಗೆಯಿತು. ಬಲೆ ಅದನ್ನು ಜೋಲಿಯಂತೆ ಹಿಡಿದು ಹಿಂದಕ್ಕೆ ಎಸೆಯಿತು. ಬಲೆ ಗಟ್ಟಿಯಾಗಿತ್ತು ಎಂದು ಹೆಮ್ಮೆ ಪಡುವ ಸಮಯ ಅದಾಗಿರಲಿಲ್ಲ. ಹದಿಹರೆಯದ್ದು ಎಳೆಗಿಡಗಳ ಸಾಲಿನೊಳಗೆ ಸೊಟ್ಟಸೊಟ್ಟ ಓಡಿತು. ಚಟಕ್ ಎಂದು ಒಂದು ಗಿಡ ಮುರಿಯಿತು. ಮತ್ತೆ ಚಟಕ್.

ಆ ಸದ್ದು ಗೀದಾಳ ಬೆನ್ನುಮೂಳೆಯಲ್ಲೇ ಆದಂತಿತ್ತು. ಅವಳ ಕೈಯಿಂದ ಹೂಜಿ ಜಾರಿತು.

"ನಿಲ್ಲಿ!"

ಶೆಲ್ವಿಕ್‌ನಲ್ಲಿ ಅಂಥ ಗಂಟಲು ಅದುವರೆಗೆ ಯಾರೂ ಕೇಳಿರಲಿಲ್ಲ. ಎದುರಿನ ಬಂಡೆ ಅದನ್ನು ಎರಡು ಸಲ ಹೇಳಿತು. ಇಪ್ಪತ್ತು ಜನರೂ ಒಂದು ಕಾಲು ಎತ್ತಿದವರು ಎತ್ತಿದ ಹಾಗೇ ನಿಂತರು.

"ಎಲ್ಲರೂ ಕೈಲಿರೋದನ್ನ ಕೆಳಗಿಡಿ. ಶೂರ್, ನೀವೂನು. ಐಲಿಫ್, ಆ ಮುಚ್ಚಳ ಕೆಳಗಿಡಿ. ಯಾರೂ ಮಾತಾಡ್ಬೇಡಿ. ಕೊಟ್ಟಿಗೆ ಒಳಗೆ ಹೋಗಿ, ಬಾಗಿಲು ಎಳ್ಕೊಂಡು ಕೂತ್ಕೊಳ್ಳಿ. ನಾನು ಹೇಳೋವರೆಗೂ ಒಬ್ಬರೂ ಹೊರಗೆ ಬರ್ಬಾರ್ದು."

"ಆದ್ರೆ ಬೇಲಿ—" ಎಂದ ಶೂರ್.

"ಬೇಲಿ ಹೇಗಿದೆಯೋ ಹಾಗೇ ಇರುತ್ತೆ. ಯಾರೂ ಒಂದು ಕಂಬಾನೂ ಕೀಳ್ಬೇಡಿ. ನೀವಿಬ್ಬರೂ ಸೇರಿ ಅವಕ್ಕೆ ಓಣಿ ಮಾಡಿಕೊಟ್ಟಿದ್ದೀರಲ್ಲ, ಅವು ಬಂದದ್ದೂ ಆ ಗೋಡೆ ದಾರೀಲೇ. ನಾವು ಸುಮ್ಮನಾದ್ರೆ ಅವೇ ಹೋಗ್ತಾವೆ."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಏನು ಮಾಡಿದೆ ಎಂದು ತಿಳಿದು ಕಿವಿ ಬಿಸಿಯಾಯಿತು. ಶೂರ್ ಐಲಿಫ್‌ನ ಕಡೆ ನೋಡಿದ, ಐಲಿಫ್ ಶೂರ್‌ನ ಕಡೆ. ಆಮೇಲೆ ಇಬ್ಬರೂ, ಶಾಲೆಯಲ್ಲಿ ಬೈಸಿಕೊಂಡವರ ಹಾಗೆ, ಮುಂದೊಬ್ಬ ಹಿಂದೊಬ್ಬ ಕೊಟ್ಟಿಗೆಯ ಕಡೆ ನಡೆದರು.

ಕೊಟ್ಟಿಗೆಯ ಹಲಗೆಗಳ ಸಂದಿಗೆ ಒಂದೊಂದು ಕಣ್ಣು ಇಟ್ಟು ಇಪ್ಪತ್ತೊಂದು ಜನ ಕೂತರು. ಬೇಲಿ ಹಾಕುವುದು ಸುಲಭ, ಸುಮ್ಮನಿರುವುದು ಕಷ್ಟ. ಮೊದಲ ಐದು ನಿಮಿಷ ಉಸಿರು ಬಿಡುವ ಸದ್ದೂ ಇರಲಿಲ್ಲ. ಹತ್ತನೆಯ ನಿಮಿಷಕ್ಕೆ ಐಲಿಫ್‌ನಿಗೆ ಬಿಕ್ಕಳಿಕೆ ಶುರುವಾಯಿತು.

"ಎಷ್ಟು ವಾಫಲ್ ತಿಂದ್ರಿ?" ತೋರುನ್ ಪಿಸುಗುಟ್ಟಿದಳು.

"ಏಳು. ಇಕ್. ಚಿಕ್ಕವು."

ತೋರುನ್ ಗಂಡನ ಮೂಗು ಹಿಡಿದಳು. ಶೂರ್ ಅಷ್ಟಕ್ಕೇ ಬಿಡದೆ ಭಾವನ ಬಾಯಿಗೂ ಕೈ ಅಡ್ಡ ಇಟ್ಟ. ನಲವತ್ತು ವರ್ಷದಿಂದ ಕಾದಿದ್ದ ಅವಕಾಶ ಅದು; ಅವನ ಮುಖದಲ್ಲಿ ಪರಮಶಾಂತಿ ಕಂಡಿತು.

ಅಂಗಳದಲ್ಲಿ ಅಜ್ಜಿಯೊಬ್ಬಳೇ ಕುರ್ಚಿಯ ಮೇಲೆ ಕೂತಲ್ಲೇ ಕೂತಿದ್ದಳು. ತಾನು ಅಲ್ಲಾಡದಿದ್ದರೆ ತನ್ನನ್ನು ಹಳೆಯ ಕುರ್ಚಿಯ ಭಾಗವೆಂದೇ ಜಿಂಕೆಗಳು ತಿಳಿಯುತ್ತವೆ ಎಂದು ಹೇಳಿಕಳಿಸಿದ್ದಳು.

ತಾಯಿ ಜಿಂಕೆ ಬಹಳ ಹೊತ್ತು ಪೊದೆಯ ಪಕ್ಕ ನಿಂತಿತ್ತು, ಕಿವಿಗಳನ್ನು ಒಂದೊಂದು ದಿಕ್ಕಿಗೆ ತಿರುಗಿಸುತ್ತ. ಆಮೇಲೆ ಏನೂ ಆಗಿಲ್ಲ ಎಂಬಂತೆ ಒಂದು ಎಲೆ ಕಚ್ಚಿತು. ಆಮೇಲೆ ಮೇಲಕ್ಕೆ ಹೊರಟಿತು. ಮರಿ ಅದರ ನೆರಳಿನಲ್ಲೇ ನಡೆಯಿತು, ದೊಡ್ಡದು ಹಿಂದೆ. ಗೋಡೆಯ ಹತ್ತಿರ ಬಂದು, ಗೋಡೆಯನ್ನು ಹಿಡಿದು ನಡೆದು, ಓಣಿಯ ಬಾಯಿಗೆ ಬಂದು ಮೂರೂ ನಿಂತುಬಿಟ್ಟವು.

ಓಣಿಯ ಮೊದಲ ಕಂಬಕ್ಕೆ ಶೂರ್ ತನ್ನ ಬೇಟೆಯ ಉಣ್ಣೆ ಅಂಗಿ ನೇತುಹಾಕಿ ಮರೆತಿದ್ದ.

"ಅಯ್ಯೋ," ಎಂದು ಶೂರ್ ಬಾಯಿ ಆಡಿಸಿದ, ಸದ್ದಿಲ್ಲದೆ. ಐವತ್ತು ವರ್ಷದ ತಂಬಾಕು, ಬಂದೂಕಿನ ಮದ್ದು, ಒಣಗಿದ ರಕ್ತ, ಎಲ್ಲ ಆ ಅಂಗಿಯಲ್ಲಿತ್ತು. ಬೆಟ್ಟದ ಯಾವ ಜಿಂಕೆಗೂ ಆ ವಾಸನೆ ಯಮನ ವಾಸನೆ. ಗೀದಾ ಹಲಗೆಯನ್ನು ಉಗುರು ಬೆಳ್ಳಗಾಗುವಂತೆ ಹಿಡಿದಳು. ಅವು ಹಿಂದಕ್ಕೆ ತಿರುಗಿದರೆ ಕತ್ತಲೆ, ಕತ್ತಲೆಯ ಹಿಂದೆ ಹಿಮ, ಹಿಮದ ಹಿಂದೆ ಬೆಟ್ಟದ ಮಿಕ್ಕವೆಲ್ಲ ಇದೇ ಓಣಿಯಿಂದ ಒಳಗೆ.

ತಾಯಿ ಜಿಂಕೆ ಕತ್ತು ಚಾಚಿ ಅಂಗಿಯನ್ನು ಮೂಸಿತು. ಒಂದು ಸಲ. ಎರಡು ಸಲ. ಆಮೇಲೆ ನಾಲಿಗೆ ಚಾಚಿ ತೋಳನ್ನು ನೆಕ್ಕಿತು. ಅಷ್ಟು ವರ್ಷದ ಬೆವರಿನ ಉಪ್ಪು! ರುಚಿ ಹಿಡಿಸಿರಬೇಕು, ತೋಳನ್ನು ಬಾಯೊಳಗೆ ಎಳೆದುಕೊಂಡು ನಿಧಾನವಾಗಿ, ಯೋಚನೆ ಮಾಡುತ್ತ, ಜಗಿಯತೊಡಗಿತು. ಮರಿ ಇನ್ನೊಂದು ತೋಳಿಗೆ ಬಾಯಿ ಹಾಕಿತು.

ಕೊಟ್ಟಿಗೆಯೊಳಗೆ ಇಪ್ಪತ್ತು ಜನರ ಹೊಟ್ಟೆ ಕುಲುಕುತ್ತಿತ್ತು. ಒಬ್ಬಳು ಒಣಹುಲ್ಲಿನಲ್ಲಿ ಮುಖ ಹೂತಿದ್ದಳು. ಐಲಿಫ್‌ನ ಕಣ್ಣಿಂದ ಧಾರಾಕಾರ ನೀರು. ಬಿಕ್ಕಳಿಕೆ ಎಲ್ಲಿ ಹೋಯಿತೋ.

"ನನ್ನ ಮದುವೆ ವರ್ಷದ್ದು ಅದು," ಎಂದು ಶೂರ್ ಉಸಿರಿನಲ್ಲೇ ಹೇಳಿದ.

"ತಿನ್ನಲಿ ಬಿಡಿ," ಗೀದಾ ಅವನ ಕಿವಿಯಲ್ಲಿ ಹೇಳಿದಳು. "ನಾನು ಹೊಸದು ಹೆಣೆದುಕೊಡ್ತೀನಿ."

ಅಂಗಿಯ ಒಂದು ತೋಳು ಮುಗಿದ ಮೇಲೆ ತಾಯಿ ಜಿಂಕೆ ಮುಖ ಒರೆಸಿಕೊಂಡ ಗೃಹಿಣಿಯಂತೆ ತಲೆ ಕೊಡವಿ, ಓಣಿಯೊಳಗೆ ಕಾಲಿಟ್ಟಿತು. ಎರಡು ಬಲೆಗಳ ನಡುವೆ, ಗೋಡೆಯ ಪಾಚಿಯ ಪಕ್ಕ, ಮೂರೂ ಒಂದರ ಹಿಂದೊಂದು ಮೂವತ್ತು ಹೆಜ್ಜೆ ನಡೆದವು. ಆ ತುದಿಯಲ್ಲಿ ಬೆಟ್ಟ ತೆರೆದಿತ್ತು. ಒಂದು ನೆಗೆತ, ಇನ್ನೊಂದು, ಬಿಳಿ ಬಾಲದ ಬುಡ ಮೂರು ಸಲ ಮಿಂಚಿ, ಬರ್ಚ್ ಮರಗಳ ಹಳದಿಯೊಳಗೆ ಇಲ್ಲವಾದವು.

"ಈಗ!" ಗೀದಾ ಕೂಗಿದಳು. "ಈ ಬಾಗಿಲು ಕೀಳಿ!"

"ಯಾವ ಬಾಗಿಲು?"

"ಕೊಟ್ಟಿಗೇದು! ಇಬ್ಬರೂ ನಿಮ್ಮ ನಿಮ್ಮ ಬೇಲಿ ಅಲ್ಲೇ ಇಟ್ಕೊಳ್ಳಿ. ಗೋಡೇನೂ ಮುಕ್ಕಾಲು ಒಳಗಾಯ್ತು, ಬೆಟ್ಟಕ್ಕೆ ದಾರೀನೂ ಆಯ್ತು. ಓಣಿಗೊಂದು ಬಾಗಿಲು ಬೇಕು, ಅಷ್ಟೇ. ಬೆಟ್ಟದ ಕಡೆ ತುದೀಗೆ ಹಾಕಿ. ನಡೆಯೋರು ತೆಗೆದು, ಮುಚ್ಚಿ ಹೋಗ್ಲಿ."

ದೊಡ್ಡ ಕೊಟ್ಟಿಗೆಯ ಬಾಗಿಲ ಒಂದು ರೆಕ್ಕೆ ಎಂಟು ಜನರ ಹೆಗಲೇರಿ, ದಿಬ್ಬಣದ ಪಲ್ಲಕ್ಕಿಯಂತೆ ತೋಟ ಹತ್ತಿತು. ಹಿಂದಿನಿಂದ ಮಿಕ್ಕವರು ಮೊಳೆ, ತಿರುಗಣಿ, ಲಾಟೀನು ಹಿಡಿದು ಓಡಿದರು. ಬಾಗಿಲು ಓಣಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ತಿರುಗಣಿ ಶೂರ್‌ನ ಕಂಬಕ್ಕೆ, ಚಿಲಕ ಐಲಿಫ್‌ನ ಕಂಬಕ್ಕೆ.

"ಸೊಟ್ಟ ಇದೆ," ಎಂದ ಐಲಿಫ್.

"ನಿನ್ನ ಕಡೆ," ಎಂದ ಶೂರ್.

ಚಿಲಕ ಬಿತ್ತು. ಆ ಸದ್ದಿಗೆ ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ. ಬಾಗಿಲಿಲ್ಲದ ಕೊಟ್ಟಿಗೆಯಲ್ಲೇ ಹಲಗೆ ಹಾಕಿ ಊಟಕ್ಕೆ ಕೂತರು. ಸಾರಿನ ಹಬೆ, ಒದ್ದೆ ಉಣ್ಣೆ, ಹುಲ್ಲಿನ ವಾಸನೆ. ಗೀದಾ ದೊಡ್ಡ ಸೌಟು ಹಿಡಿದು ಬಂದಾಗ ಶೂರ್ ಎದ್ದು ನಿಂತು, ಅಂಗಿಯಿಲ್ಲದ ಎದೆಯ ಮೇಲೆ ಕೈ ಇಟ್ಟು ಕೇಳಿದ: "ಯಜಮಾನಿ, ತಿನ್ನೋಕೆ ಅಪ್ಪಣೆ ಇದೆಯಾ?"

"ಕ್ಷಮಿಸಿ ಶೂರ್, ನಾನು ಹಾಗೆ ಕೂಗಬಾರದಿತ್ತು..."

"ಕೂಗಬಾರದಿತ್ತಾ?" ತೋರುನ್ ತಟ್ಟೆ ಚಾಚಿದಳು. "ಈ ಇಬ್ಬರನ್ನ ಸುಮ್ಮನಿರಿಸೋಕೆ ನನಗೆ ನಲವತ್ತು ವರ್ಷದಿಂದ ಆಗಿರಲಿಲ್ಲ. ಮುಂದಿನ ದುಗ್ನಾಡು ನಮ್ಮನೇಲಿ. ನೀನೇ ಬಂದು ಕೂಗ್ಬೇಕು."

ರಾಗ್ನಾ ಅಜ್ಜಿ ಎಲೆಕೋಸು ಬದಿಗಿಟ್ಟು ಮಾಂಸ ಹುಡುಕುತ್ತ, "ನನ್ನ ಗಂಟಲು ಅದು," ಎಂದಳು. "ಮೂರು ವರ್ಷದ ಹಿಂದೆ ತೋಟದ ಜೊತೆ ಕೊಡೋದು ಮರೆತಿದ್ದೆ. ಈಗ ತಾನೇ ತಗೊಂಡಿದ್ದಾಳೆ."

ಮಾರ್ಚ್ ತಿಂಗಳಲ್ಲಿ ಹಿಮ ತೋಟದ ಕೆಳಗಿನ ಸಾಲುಗಳಿಂದ ಹಿಂದೆ ಸರಿಯಿತು. ಗೀದಾ ಮೊದಲ ಬಿಸಿಲಿಗೆ ರಬ್ಬರ್ ಬೂಟು ಹಾಕಿಕೊಂಡು ಹೊರಟಳು. ಮೊದಲ ಗಿಡದ ಹತ್ತಿರ ಅವಳಿಗೆ ನೋಡಲು ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿ ತುದಿಯನ್ನು ಬೆರಳಿನಿಂದ ಮುಟ್ಟಿದಳು. ಮೊಗ್ಗು ಇತ್ತು: ಮೊಂಡಾಗಿ, ಬೆಕ್ಕಿನ ಮರಿಯ ಮೂಗಿನಷ್ಟು, ಬೂದು ನಯ ಹೊದ್ದು. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ. ಅವಳು ಕಣ್ಣು ತೆರೆದಳು, ಆಮೇಲೆ ಸಾಲಿನಿಂದ ಸಾಲಿಗೆ ಓಡಿದಳು, ಕೆಸರು ಮೊಣಕಾಲಿಗೆ ಸಿಡಿಯುತ್ತ, ಒಂದೊಂದರ ತುದಿಯನ್ನೂ ಮುಟ್ಟುತ್ತ.

"ಎಣಿಸ್ತಿದ್ದೀಯೇನೆ?" ಅಜ್ಜಿ ಕಿಟಕಿಯಿಂದ ಕೂಗಿದಳು.

"ಇಲ್ಲ ಅಜ್ಜಿ!" ಗೀದಾ ತಿರುಗಿ ನೋಡದೆ ಕೂಗಿದಳು. "ಮಾತಾಡಿಸ್ತಿದ್ದೀನಿ!"